ಕೋಪ ಬರುವುದು, ಕೋಪ ಮಾಡಿಕೊಳ್ಳುವುದು

ಮನುಷ್ಯನ ಮನಸ್ಸಿನಲ್ಲಿ ಏಳತಕ್ಕ ಭಾವಗಳು ಅನೇಕ. ಅವೆಲ್ಲವನ್ನೂ ಒಂದು ಭಾಷಣದ ಅವಧಿಯಲ್ಲಿ ಹೇಳಿ ಮುಗಿಸುವುದು ಆಗದ ಮಾತು. ಆದ್ದರಿಂದ ಅವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು, ಅದರ ಸ್ವರೂಪವೇನು, ಅದನ್ನು ಹತೋಟಿಯಲ್ಲಿಡುವುದು ಸಾಧ್ಯವೇ, ಸಾಧ್ಯವಾದರೆ ಹೇಗೆ ಎಂಬುದನ್ನು ನಾಲ್ಕು ಮಾತುಗಳಲ್ಲಿ ನಿವೇದಿಸಬೇಕೆಂದಿದ್ದೇವೆ. ನಾವು ಆರಿಸಿಕೊಂಡಿರುವುದು ಕೋಪವನ್ನು. ಇದಕ್ಕೆ ಕಾರಣವನ್ನು ವಿಸ್ತರಿಸಬೇಕಾದ್ದಿಲ್ಲ. ಪ್ರೀತಿಯನ್ನರಿಯದವರು ಕೆಲವರಿರಬಹುದು, ಆಶ್ಚರ್ಯಪಡುವುದನ್ನು ಮರೆತವರು ಬೇಕಾದಷ್ಟು ಮಂದಿ ಇದ್ದಾರೆ, ಕೋಪದ ಪರಿಚಯವಿಲ್ಲದವರು ಮಾತ್ರ ಹುಡುಕಿದರೂ ಸಿಕ್ಕಲಾರರು.

ಮೊದಲಿಗೆ ನಮ್ಮ ಭಾಷೆಯ ಒಂದು ವಿಶೇಷವನ್ನು ಗಮನಿಸೋಣ. ಇಂಗ್ಲಿಷಿನಲ್ಲಿ ಕೋಪವನ್ನು ಕುರಿತು ಹೇಳುವಾಗ ಮನುಷ್ಯನೇ ವಾಕ್ಯದ ಕರ್ತೃ; ಕೋಪವು ಅವನ ಒಂದು ವಿಶೇಷಣ. ಕನ್ನಡಿಗರಾದ ನಾವು ‘ನನಗೆ ಕೋಪ ಬಂತು’ ಎನ್ನುತ್ತೇವೆ. ಇಲ್ಲಿ ಕರ್ತೃವಿನ ಪೀಠದಲ್ಲಿ ಕುಳಿತಿರುವುದು ಕೋಪ. ನಾವು ಚತುರ್ಥೀ ವಿಭಕ್ತಿಯಲ್ಲಿ ಪಕ್ಕಕ್ಕೆ ನಿಂತವರು. ನೆಗಡಿ ಬಂದಂತೆ, ನಿದ್ದೆ ಬಂದಂತೆ, ಹೇಳದೆ ಕೇಳದೆ ನೆಂಟರು ಬಂದಂತೆ ಕೋಪವೂ ಬಂದಿತು. ಬಂದದ್ದಕ್ಕೆ ನಾವೇನು ಮಾಡೋಣ?

ಆದರೆ ಇದೇ ಭಾಷೆಯಲ್ಲಿ ಇನ್ನೊಂದು ಪ್ರಯೋಗವೂ ಉಂಟು. ‘ಅವನು ಕೋಪಮಾಡಿಕೊಂಡ’ ಎಂದೂ ಹೇಳುತ್ತೇವೆ. ಇಲ್ಲಿ ಕೋಪವು ತಾನಾಗಿ ಬಂದುದಲ್ಲ. ಅವನೇ ಮಾಡಿದ್ದು, ಅದೂ ‘ಕೊಳ್ಳು’ ಎಂಬ ಪ್ರತ್ಯಯದ ಪ್ರಕಾರ ತನಗಾಗಿ ಮಾಡಿದ್ದು. ಅಡಿಗೆ ಮಾಡಿಕೊಂಡ, ಮನೆ ಮಾಡಿಕೊಂಡ, ಸಾಲ ಮಾಡಿಕೊಂಡ ಎಂಬ ಸಾಲಿಗೆ ಸೇರಿದ್ದು. ಈ ಎರಡು ಪ್ರಯೋಗಗಳನ್ನು ನಾವು ಹಂಚಿಕೊಂಡಿರುವ ರೀತಿ ಬಹಳ ಸ್ವಾರಸ್ಯವಾಗಿದೆ. ತಮ್ಮ ವಿಷಯಕ್ಕೆ ಬಂದಾಗ ಜನರು ಹೆಚ್ಚಾಗಿ ಮೊದಲನೆಯದನ್ನು ಬಳಸುತ್ತಾರೆ. ಪರರ ವಿಷಯಕ್ಕೆ ಎರಡನೆಯದನ್ನು. ನಮಗೆ ಬಂದಿತು, ಅವರು ಮಾಡಿಕೊಂಡರು! ನಿಜವೇನೆಂದರೆ ಎರಡೂ ಸರಿ. ಪ್ರತಿಯೊಂದು ಕೋಪದಲ್ಲಿಯೂ ತಾನಾಗಿ ಬರುವ ಭಾಗವೊಂದುಂಟು, ನಾವಾಗಿ ಮಾಡಿಕೊಳ್ಳುವ ಭಾಗವೊಂದುಂಟು. ಮೊದಲನೆಯದರ ಮೇಲೆ ನಮಗೆ ಅಧಿಕಾರವಿಲ್ಲ. ಎರಡನೆಯದರ ಮೇಲೆ ಉಂಟು. ಎಲ್ಲಿ ಒಂದು ಮುಗಿದು ಇನ್ನೊಂದು ಮೊದಲಾಗುತ್ತದೆಂಬುದನ್ನು ಗುರುತಿಸಲು ಕಲಿಯುವುದೇ ಭಾವಗಳ ಹತೋಟಿಯೆಂದು ನಮ್ಮ ತಿಳಿವಳಿಕೆ.

ತಾನಾಗಿ ಬರುವ ಭಾಗವನ್ನು ಮೊದಲು ನೋಡೋಣ. ಈ ವಿಚಾರವು ನಮ್ಮವರಿಗೆ ಹೊಸದಲ್ಲ. ಭರತಮುನಿಯ ನಾಟ್ಯಶಾಸ್ತ್ರವು 8 ಸ್ಥಾಯಿಭಾವಗಳನ್ನೂ 33 ವ್ಯಭಿಚಾರಿ ಭಾವಗಳನ್ನೂ 8 ಸಾತ್ತ್ವಿಕ ಭಾವಗಳನ್ನೂ ಎಣಿಸಿ ಒಟ್ಟು 49 ಭಾವಗಳನ್ನು ಹೇಳುತ್ತದೆ. ಕ್ರೋಧವು ರೌದ್ರರಸಕ್ಕೆ ಸ್ಥಾಯಿ. ಅಮರ್ಷ, ಉಗ್ರತೆ, ಅಸೂಯೆ ಇವು ಬಂದುಹೋಗುವ ವ್ಯಭಿಚಾರಿಗಳು. ಬೆವರುವುದು, ನಡುಗುವುದು, ದನಿ ಒಡೆಯುವುದು, ಬಣ್ಣಗೆಡುವುದು ಇವು ಸಾತ್ತ್ವಿಕಗಳು. ನಟನು ಕೈಯನ್ನು ಬೇಕೆಂದಾಗ ಎತ್ತಬಲ್ಲನು, ಹುಬ್ಬನ್ನು ಬೇಕೆಂದಾಗ ಗಂಟಿಕ್ಕಬಲ್ಲನು. ಬೆವರನ್ನು ಅಪ್ಪಣೆಕೊಟ್ಟು ಕರೆಯಲಾರನು. ಭಾವಕ್ಕೆ ದೇಹದಲ್ಲಿ ಬೇರೊಂದು ದಾರಿಯುಂಟು, ಅದು ಇಚ್ಛೆಯ ಬಾಗಿಲನ್ನು ಹಾದು ಹೋಗುವುದಿಲ್ಲ ಎಂಬುದನ್ನು ನಮ್ಮ ಆಲಂಕಾರಿಕರು ರಂಗಸ್ಥಳದಲ್ಲಿ ನಿಂತೇ ಕಂಡುಕೊಂಡಿದ್ದರು.

ಪಾಶ್ಚಾತ್ಯ ಪಂಡಿತರು ಈ ದಾರಿಯನ್ನು ಪ್ರಯೋಗಶಾಲೆಯಲ್ಲಿ ಹಿಂಬಾಲಿಸಿದರು. 1872ರಲ್ಲಿ ಡಾರ್ವಿನ್ ಮಹಾಶಯನು ಮನುಷ್ಯರಲ್ಲಿಯೂ ಪ್ರಾಣಿಗಳಲ್ಲಿಯೂ ಭಾವಗಳು ಹೊರಗೆ ತೋರುವ ಬಗೆಯನ್ನು ಕುರಿತು ಗ್ರಂಥವನ್ನು ಬರೆದನು. 1884ರಲ್ಲಿ ಅಮೆರಿಕೆಯ ವಿಲಿಯಂ ಜೇಮ್ಸನು ಒಂದು ವಿಚಿತ್ರವಾದ ವಾದವನ್ನು ಹೂಡಿದನು: ಕೋಪ ಬಂದದ್ದರಿಂದ ಮೈ ಬಿಸಿಯಾಗುವುದಲ್ಲ, ಮೈ ಬಿಸಿಯಾದುದರ ಅರಿವೇ ಕೋಪವೆಂದು. ಹಾರ್ವರ್ಡಿನ ವಾಲ್ಟರ್ ಕ್ಯಾನನ್ ಎಂಬ ಶರೀರಶಾಸ್ತ್ರಜ್ಞನು ಬೆಕ್ಕಿನ ಹೊಟ್ಟೆಯನ್ನು ಕ್ಷ-ಕಿರಣಗಳಿಂದ ನೋಡುತ್ತಿದ್ದಾಗ, ಆ ಪ್ರಾಣಿ ಕೆರಳಿದೊಡನೆಯೇ ಜೀರ್ಣಕ್ರಿಯೆಯ ಚಲನೆ ನಿಂತುಹೋಗುವುದನ್ನು ಕಂಡನು. ಮುಂದೆ ಅವನ 1915ರ ಗ್ರಂಥದಲ್ಲಿ ಇದರ ಪೂರ್ಣ ವಿವರಣೆ ಬಂದಿತು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಎರಡು ಸಣ್ಣ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ದ್ರವ್ಯವು ರಕ್ತಕ್ಕೆ ಸೇರುತ್ತದೆ. ಹೃದಯದ ಬಡಿತ ಏರುತ್ತದೆ; ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ರಕ್ತಕ್ಕೆ ಇಳಿಯುತ್ತದೆ; ಹೊಟ್ಟೆಯ ಕಡೆಗೆ ಹೋಗಬೇಕಾದ ರಕ್ತವು ಕೈಕಾಲುಗಳ ಸ್ನಾಯುಗಳ ಕಡೆಗೆ ತಿರುಗುತ್ತದೆ. ಕಾಡಿನಲ್ಲಿ ಶತ್ರು ಎದುರಾದಾಗ ಹೋರಾಡುವುದಕ್ಕೋ ಓಡುವುದಕ್ಕೋ ಇದೆಲ್ಲ ಏರ್ಪಾಡು. ಅಂಚೆಯಲ್ಲಿ ಬಂದ ಒಂದು ಕಾಗದವನ್ನು ಓದಿದಾಗಲೂ, ಬಸ್ಸಿನಲ್ಲಿ ಯಾರೋ ಕಾಲು ತುಳಿದಾಗಲೂ ದೇಹವು ಅದೇ ಯುದ್ಧಸಿದ್ಧತೆಯನ್ನು ಮಾಡುತ್ತದೆ. ಹೋರಾಡಲು ಯಾರೂ ಇಲ್ಲ, ಓಡಲು ಕಾರಣವಿಲ್ಲ. ಸೈನ್ಯ ಮಾತ್ರ ಸಜ್ಜಾಗಿ ನಿಂತಿದೆ. ಇಂಥ ಹೊತ್ತಿನಲ್ಲಿ ಆಡಿದ ಮಾತೂ ಎತ್ತಿದ ಕೈಯೂ ಆ ಸೈನ್ಯದ ಕೆಲಸವೇ ಹೊರತು ವಿವೇಕದ್ದಲ್ಲ.

ಪ್ರಸಂಗವಶಾತ್ ಒಂದು ಮಾತು. ಮೈಸೂರಿನಲ್ಲಿ ಈ ಶಾಸ್ತ್ರಕ್ಕೂ ಬಾನುಲಿಗೂ ಹತ್ತಿರದ ನಂಟು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಪ್ರಾರಂಭಿಸಿದವರು. ಮನಸ್ಸಿನ ವಿಚಾರವನ್ನು ಕಾಲೇಜಿನ ಗೋಡೆಗಳಾಚೆಗೂ ಮುಟ್ಟಿಸಬೇಕೆಂಬ ಆಸೆಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಬೇಕೇ?

ಇನ್ನು ನಾವಾಗಿ ಮಾಡಿಕೊಳ್ಳುವ ಭಾಗ. ಗ್ರೀಸಿನ ಅರಿಸ್ಟಾಟಲನು ಕೋಪಕ್ಕೆ ಲಕ್ಷಣವನ್ನು ಹೇಳುವಾಗ ಅದರಲ್ಲಿ ಒಂದು ತೀರ್ಪು ಅಡಗಿದೆಯೆಂದು ತೋರಿಸಿದನು. ತನಗೋ ತನ್ನವರಿಗೋ ಸಲ್ಲದ ಅವಮಾನವಾಯಿತೆಂದು ಮನಸ್ಸು ತೀರ್ಮಾನಿಸಬೇಕು. ಆ ನೋವಿನೊಡನೆ ಪ್ರತೀಕಾರದ ಬಯಕೆ ಸೇರಬೇಕು. ಆಗ ಅದು ಕೋಪ. ಮರದ ಕೊಂಬೆ ತಲೆಗೆ ತಾಕಿದರೆ ನೋವಾಗುತ್ತದೆ. ಅದೇ ಕೊಂಬೆಯನ್ನು ಯಾರೋ ಬೇಕೆಂದು ಬಾಗಿಸಿ ಬಿಟ್ಟರೆಂದು ತಿಳಿದರೆ ಕೋಪ ಬರುತ್ತದೆ. ನೋವು ಅಷ್ಟೇ, ಹೆಚ್ಚಾದದ್ದು ‘ಬೇಕೆಂದು’ ಎಂಬ ಒಂದು ಮಾತು. ಆ ಮಾತು ನಿಜವೋ ಸುಳ್ಳೋ ಎಂದು ವಿಚಾರಿಸುವ ವ್ಯವಧಾನವನ್ನು ನಾವು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ನ್ಯಾಯಾಧೀಶನೂ ನಾವೇ, ಫಿರ್ಯಾದಿಯೂ ನಾವೇ, ಶಿಕ್ಷೆಯನ್ನು ಜಾರಿಗೆ ಕೊಡುವವರೂ ನಾವೇ ಆದ ನ್ಯಾಯಸ್ಥಾನದಲ್ಲಿ ಪ್ರತಿವಾದಿಗೆ ಗತಿಯೆಲ್ಲಿ?

ಈ ತೀರ್ಪನ್ನು ಪರೀಕ್ಷಿಸುವುದಕ್ಕೆ ಮೊದಲ ಸಾಧನ ಹೆಸರು. ಕನ್ನಡದಲ್ಲಿ ಕೋಪಕ್ಕೆ ಎಷ್ಟು ಹೆಸರುಗಳು! ಸಿಡುಕು ಎಂದರೆ ಆಯಾಸದಿಂದಲೋ ಹಸಿವಿನಿಂದಲೋ ಬಂದ ಮೇಲುಮೇಲಿನ ಸಿಟ್ಟು. ಮುನಿಸು ಬೇಕಾದವರ ಮೇಲೆಯೇ ಬರತಕ್ಕದ್ದು. ಪರಕೀಯರ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ. ಸೆಡವು ಮಾನದ ಗಾಯ. ರೋಷ ಅನ್ಯಾಯವನ್ನು ಕಂಡು ಭುಗಿಲೆದ್ದದ್ದು. ಹಗೆ ಹಳೆಯ ಕೋಪ ಹೆಪ್ಪುಗಟ್ಟಿದ್ದು. ಎಲ್ಲವನ್ನೂ ಕೋಪ ಎಂಬ ಒಂದೇ ಚೀಲಕ್ಕೆ ತುಂಬಿದವನಿಗೆ ಎಲ್ಲಕ್ಕೂ ಒಂದೇ ಮದ್ದು ತೋರುತ್ತದೆ, ಅದು ಬೈಗುಳ. ಇದು ಸಿಡುಕು ಎಂದು ಗುರುತಿಸಿದವನು ಊಟಮಾಡಿ ಮಲಗುತ್ತಾನೆ. ಇದು ಮುನಿಸು ಎಂದು ಗುರುತಿಸಿದವನು ಮಾತನಾಡಿಸಲಿ ಎಂದು ಕಾದಿರುವ ತನ್ನ ಮನಸ್ಸನ್ನು ತಾನೇ ಕಂಡು ನಗುತ್ತಾನೆ. 2007ರಲ್ಲಿ ಅಮೆರಿಕೆಯ ಮ್ಯಾಥ್ಯೂ ಲೀಬರ್‌ಮನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಪೋಷಕವಾಗಿದೆ. ಭಾವ ತುಂಬಿದ ಮುಖಗಳ ಚಿತ್ರಗಳನ್ನು ನೋಡುವಾಗ, ಆ ಭಾವಕ್ಕೆ ಹೆಸರಿಟ್ಟು ನೋಡಿದವರ ಮೆದುಳಿನಲ್ಲಿ, ಅಪಾಯಕ್ಕೆ ಎಚ್ಚೆತ್ತುಕೊಳ್ಳುವ ಅಮಿಗ್ಡಲ ಎಂಬ ಭಾಗದ ಉದ್ರೇಕವು ಕಡಮೆಯಾಗಿತ್ತು. ಹೆಸರಿಡುವುದೆಂದರೆ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುವುದು.

ಕೋಪವನ್ನು ಹತೋಟಿಗೆ ತರುವ ವಿಷಯದಲ್ಲಿ ಲೋಕದಲ್ಲಿ ಎರಡು ಅಭಿಪ್ರಾಯಗಳು ಬಹಳವಾಗಿ ಹರಡಿವೆ. ಎರಡೂ ಪೂರ್ತಿ ಸರಿಯಲ್ಲ. ಮೊದಲನೆಯದು, ನುಂಗಿಬಿಡಬೇಕೆಂಬುದು. ನುಂಗಿದ್ದು ಇಲ್ಲವಾಗುವುದಿಲ್ಲ. 1993ರಲ್ಲಿ ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ ಎಂಬ ವಿದ್ವಾಂಸರು, ಜುಗುಪ್ಸೆ ಹುಟ್ಟಿಸುವ ಚಲಚ್ಚಿತ್ರವನ್ನು ಕೆಲವರಿಗೆ ತೋರಿಸಿ, ಮುಖದಲ್ಲಿ ಏನನ್ನೂ ತೋರಗೊಡದಂತೆ ಇರಬೇಕೆಂದು ಹೇಳಿದರು. ಮುಖವೇನೋ ಮರೆಮಾಡಿತು, ಆದರೆ ಒಳಗಿನ ಅನುಭವ ಕುಗ್ಗಲಿಲ್ಲ, ನರಮಂಡಲದ ಉದ್ವೇಗವನ್ನು ತೋರುವ ಕೆಲವು ಗುರುತುಗಳು ಇನ್ನೂ ಹೆಚ್ಚಿದವು. ಪಾತ್ರೆಯ ಬಾಯನ್ನು ಬಿಗಿದು ಕಟ್ಟಿ ಒಲೆಯನ್ನು ಉರಿಯಲು ಬಿಟ್ಟಂತಾಯಿತು.

ಎರಡನೆಯ ಅಭಿಪ್ರಾಯ, ಹೊರಗೆ ಚೆಲ್ಲಿಬಿಟ್ಟರೆ ಹಗುರವಾಗುತ್ತದೆಂಬುದು. 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಪಂಡಿತರು ಹಿಸ್ಟೀರಿಯಾ ರೋಗವನ್ನು ಕುರಿತು ಬರೆದ ಗ್ರಂಥದಲ್ಲಿ, ಒಳಗೆ ಸಿಕ್ಕಿಕೊಂಡ ಭಾವವನ್ನು ಹೊರಹೊಮ್ಮಿಸುವುದರಿಂದ ಗುಣವಾಗುವುದೆಂದರು. ಇದನ್ನೇ ಜನಸಾಮಾನ್ಯರು ಕೋಪಕ್ಕೂ ಅನ್ವಯಿಸಿ, ದಿಂಬನ್ನು ಗುದ್ದು, ತಟ್ಟೆಯನ್ನು ಒಡೆ, ಬಾಯಿಗೆ ಬಂದಂತೆ ಬೈದುಬಿಡು ಎಂಬ ಚಿಕಿತ್ಸೆಯನ್ನು ಕಲ್ಪಿಸಿಕೊಂಡರು. ಬ್ರಾಡ್ ಬುಷ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 2002ರಲ್ಲಿ ಇದನ್ನು ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. 600 ಮಂದಿ ಕಾಲೇಜು ವಿದ್ಯಾರ್ಥಿಗಳು ಬರೆದ ಪ್ರಬಂಧವನ್ನು ಬಹಳ ಕಟುವಾಗಿ ಟೀಕಿಸಿ ಅವರನ್ನು ಕೆರಳಿಸಲಾಯಿತು. ಕೆಲವರು ಟೀಕಿಸಿದವನನ್ನು ನೆನೆಯುತ್ತ ಚೀಲವೊಂದನ್ನು ಗುದ್ದಿದರು. ಕೆಲವರು ವ್ಯಾಯಾಮವೆಂದು ಭಾವಿಸಿ ಗುದ್ದಿದರು. ಉಳಿದವರು ಸುಮ್ಮನೆ ಕುಳಿತರು. ಶತ್ರುವನ್ನು ನೆನೆದು ಗುದ್ದಿದವರ ಕೋಪವೇ ಎಲ್ಲರಿಗಿಂತಲೂ ಹೆಚ್ಚಾಗಿ ಉಳಿಯಿತು. ಸುಮ್ಮನೆ ಕುಳಿತವರು ಪ್ರತೀಕಾರದಲ್ಲಿ ಎಲ್ಲರಿಗಿಂತಲೂ ಮಿತವಾಗಿದ್ದರು. ಅವರೂ ಸಹೋದ್ಯೋಗಿಯೊಬ್ಬರೂ 2024ರಲ್ಲಿ 154 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಇದೇ ದಾರಿ ಕಂಡಿತು: ದೇಹದ ಉದ್ರೇಕವನ್ನು ಇಳಿಸುವ ದೀರ್ಘಶ್ವಾಸ, ಧ್ಯಾನ ಮುಂತಾದುವು ಕೋಪವನ್ನು ಇಳಿಸುತ್ತವೆ, ಉದ್ರೇಕವನ್ನು ಏರಿಸುವ ಚಟುವಟಿಕೆಗಳಿಂದ ಆ ಫಲ ದೊರೆಯುವುದಿಲ್ಲ. ಬೆಂಕಿಗೆ ತುಪ್ಪವನ್ನು ಸುರಿದು ಆರಿಸಿದವರಿಲ್ಲ ಎಂಬ ಮಾತನ್ನು ನಮ್ಮ ಅಜ್ಜಿಯರು ಪ್ರಯೋಗವಿಲ್ಲದೆಯೇ ಬಲ್ಲರು.

ಹಾಗಾದರೆ ನುಂಗಲೂ ಬಾರದು, ಉಗುಳಲೂ ಬಾರದು, ಮಾಡತಕ್ಕದ್ದೇನು? ಇದಕ್ಕೆ ಉತ್ತರವನ್ನು ಹುಡುಕಲು ನಾವು ಪ್ರಯೋಗಶಾಲೆಯನ್ನು ಬಿಟ್ಟು ಕುರುಕ್ಷೇತ್ರಕ್ಕೆ ಹೋಗೋಣ. ಕೋಪವು ಹುಟ್ಟಿ, ಬೆಳೆದು, ತಡೆಯಲ್ಪಟ್ಟು, ತಿರುಗಿ ಸಮಾಧಾನವಾಗುವವರೆಗಿನ ಸಂಪೂರ್ಣ ಚರಿತ್ರೆ ಮಹಾಭಾರತದ ಕರ್ಣಪರ್ವದ ಒಂದು ಪ್ರಸಂಗದಲ್ಲಿದೆ. ಕನ್ನಡದಲ್ಲಿ ಕುಮಾರವ್ಯಾಸನೂ ಇದನ್ನು ಬಿಟ್ಟಿಲ್ಲ.

ಯುದ್ಧದ 17ನೆಯ ದಿನ. ಕರ್ಣನ ಬಾಣಗಳಿಂದ ನೊಂದ ಧರ್ಮರಾಯನು ರಣರಂಗವನ್ನು ಬಿಟ್ಟು ಪಾಳೆಯಕ್ಕೆ ಹಿಂದಿರುಗಿದ್ದಾನೆ. ಅಣ್ಣನು ಎಲ್ಲಿಯೂ ಕಾಣದಿರಲು ಅರ್ಜುನನು ಕಳವಳಗೊಂಡು, ಕಾಳಗವನ್ನು ಭೀಮನಿಗೆ ಒಪ್ಪಿಸಿ, ಕೃಷ್ಣನೊಡನೆ ಅವನ ಯೋಗಕ್ಷೇಮವನ್ನು ವಿಚಾರಿಸಲು ಬರುತ್ತಾನೆ. ಇಬ್ಬರೂ ಬಂದುದನ್ನು ಕಂಡ ಧರ್ಮರಾಯನು ಕರ್ಣನು ಸತ್ತನೆಂದೇ ಭಾವಿಸಿ ಹಿಗ್ಗುತ್ತಾನೆ. ಹೇಗೆ ಕೊಂದೆ ಎಂದು ಕೇಳುತ್ತಾನೆ. ಇನ್ನೂ ಕೊಂದಿಲ್ಲ ಎಂಬ ಉತ್ತರ ಬಂದೊಡನೆಯೇ ಆ ಹಿಗ್ಗೆಲ್ಲ ಉರಿಯಾಗಿ ತಿರುಗುತ್ತದೆ. ತಮ್ಮನ ಶೌರ್ಯವನ್ನು ಜರೆಯುತ್ತಾನೆ. ಆ ಗಾಂಡೀವವನ್ನು ನಿನಗಿಂತ ಸಮರ್ಥನಾದ ಬೇರೊಬ್ಬನಿಗೆ ಕೊಡಬಾರದೇ ಎನ್ನುತ್ತಾನೆ. ಗಾಂಡೀವವನ್ನು ಪರರಿಗೆ ಕೊಡು ಎಂದವನ ತಲೆಯನ್ನು ಕಡಿಯುವೆನೆಂದು ಅರ್ಜುನನದು ಹಳೆಯ ಪ್ರತಿಜ್ಞೆ. ಅವನ ಕೈ ಕತ್ತಿಗೆ ಹೋಗುತ್ತದೆ.

ಇಲ್ಲಿ ನಿಂತು ಒಂದು ಸಂಗತಿಯನ್ನು ನೆನೆಯಬೇಕು. ಈ ಧರ್ಮರಾಯನು ಯಾರು? ವನಪರ್ವದಲ್ಲಿ ದ್ರೌಪದಿಗೆ ಕ್ಷಮೆಯ ಮಹಿಮೆಯನ್ನು ಅಧ್ಯಾಯಗಟ್ಟಲೆ ಬೋಧಿಸಿದವನು. ಕೋಪದ ಕೇಡುಗಳನ್ನು ಅವನಷ್ಟು ಬಲ್ಲವರು ಆ ಕಾವ್ಯದಲ್ಲಿಯೇ ವಿರಳ. ಆದರೂ ಗಾಯಗೊಂಡು, ಸೋತು, ಆಸೆಪಟ್ಟು ನಿರಾಶೆಗೊಂಡ ಒಂದು ಗಳಿಗೆಯಲ್ಲಿ ಆ ಜ್ಞಾನವೆಲ್ಲ ಅವನ ಕೈಗೆ ಎಟುಕಲಿಲ್ಲ. ಕೋಪ ಕೆಟ್ಟದ್ದೆಂದು ತಿಳಿದಿರುವುದು ಬೇರೆ, ಕೋಪದ ಹೊತ್ತಿನಲ್ಲಿ ಅದು ನೆನಪಿಗೆ ಬರುವುದು ಬೇರೆ. ಹತೋಟಿಯು ನೀತಿವಾಕ್ಯಗಳನ್ನು ಬಾಯಿಪಾಠ ಮಾಡಿದ್ದರಿಂದ ಬರುವುದಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇನ್ನು ಕೃಷ್ಣನು ಮಾಡಿದ್ದನ್ನು ನೋಡಿ. ಅವನು ಮೊದಲು ಉಪದೇಶವನ್ನು ಮಾಡಲಿಲ್ಲ. ಒಂದು ಪ್ರಶ್ನೆಯನ್ನು ಕೇಳಿದನು. ಕತ್ತಿಯನ್ನೇಕೆ ಎಳೆಯುತ್ತಿದ್ದೀಯೆ, ಇಲ್ಲಿ ಕೊಲ್ಲತಕ್ಕವರು ಯಾರೂ ಕಾಣರಲ್ಲ ಎಂದನು. ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಕೈ ಒಂದು ಕ್ಷಣ ನಿಲ್ಲಬೇಕು. ರೋಮನರ ಸೆನೆಕನು ಕೋಪವನ್ನು ಕುರಿತು ಬರೆದ ಮೂರು ಭಾಗಗಳ ಗ್ರಂಥದಲ್ಲಿ ವಿಳಂಬವೇ ಪರಮೌಷಧವೆಂದು ಹೇಳಿರುವುದೂ ಇದೇ ಅರ್ಥದಲ್ಲಿ. ಎರಡನೆಯದಾಗಿ, ಹಿರಿಯರ ಸೇವೆಮಾಡಿ ಕಲಿಯದವನಂತೆ ವರ್ತಿಸುತ್ತಿದ್ದೀಯೆ ಎಂದು ಅರ್ಜುನನನ್ನು ಎಚ್ಚರಿಸಿ, ಸತ್ಯದ ಹೆಸರಿನಲ್ಲಿ ಕೇಡನ್ನು ಮಾಡಿದ ಕೌಶಿಕನ ಕಥೆಯನ್ನು ಹೇಳಿದನು. ಕಥೆಯನ್ನು ಕೇಳುವಷ್ಟು ಹೊತ್ತು ಉಸಿರು ಇಳಿಯಿತು. ಮೂರನೆಯದಾಗಿ, ಅಣ್ಣನ ಮಾತಿಗೆ ಬೇರೊಂದು ಅರ್ಥವುಂಟೆಂದು ತೋರಿಸಿದನು: ಅವನು ದಣಿದಿದ್ದಾನೆ, ದುಃಖಿತನಾಗಿದ್ದಾನೆ, ಕರ್ಣನ ಬಾಣಗಳಿಂದ ಮೈಯೆಲ್ಲ ಗಾಯವಾಗಿದೆ, ನಿನ್ನನ್ನು ಕೆರಳಿಸಿದರೆ ಕರ್ಣನನ್ನು ಕೊಲ್ಲುವೆಯೆಂದೂ ಆಡಿರಬಹುದು. ಕೇಳಿದ ಮಾತು ಅದೇ. ಅದರ ಹಿಂದಿನ ‘ಬೇಕೆಂದು’ ಎಂಬುದು ಕಳಚಿಬಿದ್ದಿತು. ಕೋಪದ ತೀರ್ಪನ್ನು ಮೇಲಿನ ನ್ಯಾಯಸ್ಥಾನಕ್ಕೆ ಒಯ್ದಂತಾಯಿತು. ಇಂದಿನ ಮನಶ್ಶಾಸ್ತ್ರಜ್ಞರು ಅದುಮುವುದಕ್ಕಿಂತ ಮರುಪರಿಶೀಲನೆಯೇ ಮೇಲೆಂದು ಹೇಳುವುದೂ ಇದನ್ನೇ.

ಆದರೆ ಪ್ರತಿಜ್ಞೆಯ ಗತಿಯೇನು? ಮಾನವಂತನಿಗೆ ಅವಮಾನವೇ ಮರಣ. ಹಿರಿಯನನ್ನು ‘ನೀನು’ ಎಂದು ಏಕವಚನದಲ್ಲಿ ಕರೆದರೆ ಅವನನ್ನು ಕೊಂದಂತೆಯೇ ಎಂದು ಕೃಷ್ಣನು ಉಪಾಯವನ್ನು ಹೇಳಿದನು. ಬಹುವಚನದ ಬೆಲೆಯನ್ನು ಬಲ್ಲ ಕನ್ನಡಿಗರಿಗೆ ಈ ಮಾತು ಬೇಗ ತಿಳಿಯುತ್ತದೆ. ಅರ್ಜುನನು ಹಾಗೆಯೇ ಅಣ್ಣನನ್ನು ಜರೆದನು, ಜೂಜಿನ ಕಥೆಯನ್ನೆಲ್ಲ ಎತ್ತಿ ಆಡಿದನು. ಮುಗಿದೊಡನೆಯೇ ಪಶ್ಚಾತ್ತಾಪ ಉಕ್ಕಿತು. ಮತ್ತೆ ಕತ್ತಿಯನ್ನು ಹಿರಿದನು, ಈ ಸಲ ತನ್ನನ್ನೇ ಕೊಂದುಕೊಳ್ಳಲು. ಇದು ಬಹಳ ಸೂಕ್ಷ್ಮವಾದ ಸ್ಥಳ. ಕೋಪವು ಇಳಿದಮೇಲೆ ಕೆಲಸ ಮುಗಿಯಿತೆಂದು ನಾವು ತಿಳಿಯುತ್ತೇವೆ. ಹಾಗಲ್ಲ, ಅದೇ ಕತ್ತಿ ಒಳಮುಖವಾಗಿ ತಿರುಗುತ್ತದೆ. ನಾಚಿಕೆಯೂ ಒಂದು ಭಾವವೇ, ಅದಕ್ಕೂ ಹತೋಟಿ ಬೇಕು. ಕೃಷ್ಣನು ಅದಕ್ಕೂ ತಡೆಯನ್ನು ಕಂಡುಹಿಡಿದನು: ತನ್ನನ್ನು ತಾನೇ ಹೊಗಳಿಕೊಳ್ಳುವುದು ಆತ್ಮಹತ್ಯೆಗೆ ಸಮ, ಅದನ್ನು ಮಾಡಿ ಮುಗಿಸು ಎಂದನು. ಇತ್ತ ಧರ್ಮರಾಯನು ಮನನೊಂದು ಕಾಡಿಗೆ ಹೋಗುವೆನೆಂದು ಎದ್ದನು. ಕೃಷ್ಣನು ಅವನಿಗೂ ಕೈಮುಗಿದನು. ಕೊನೆಗೆ ತಮ್ಮನು ಅಣ್ಣನ ಪಾದಗಳ ಮೇಲೆ ಬಿದ್ದನು, ಇಬ್ಬರೂ ಅತ್ತರು, ಅಪ್ಪಿಕೊಂಡರು. ಅತ್ತಮೇಲೆ ಅರ್ಜುನನು ಹೋಗಿ ಮಾಡಬೇಕಾದ ಕೆಲಸವನ್ನು ಮಾಡಿದನು.

ಇಷ್ಟರಿಂದ ಕಲಿಯತಕ್ಕದ್ದು ನಮಗೆ ಹೀಗೆ ತೋರುತ್ತದೆ. ಕೈಗೂ ಕತ್ತಿಗೂ ನಡುವೆ ಸ್ವಲ್ಪ ಹೊತ್ತನ್ನು ಸಂಪಾದಿಸಬೇಕು. ಎದುರಿನವರ ಮಾತಿನ ಕೆಳಗೆ ಯಾವ ಗಾಯವಿದೆಯೆಂದು ನೋಡಬೇಕು. ನಮ್ಮ ಕೋಪದ ಕೆಳಗೂ ಹೆದರಿಕೆಯೋ ಆಯಾಸವೋ ನಿರಾಶೆಯೋ ಇರಬಹುದೆಂದು ಸಂಶಯಪಡಬೇಕು. ಸಂಜೆಗೆ ಬರಬೇಕಾದ ಮಗನು ರಾತ್ರಿ ಹತ್ತಕ್ಕೆ ಬಂದಾಗ ತಂದೆ ಕೂಗಾಡುತ್ತಾನೆ. ಅವನ ಎದೆಯಲ್ಲಿ ಅಷ್ಟು ಹೊತ್ತೂ ಇದ್ದುದು ಭಯ. ಭಯವನ್ನು ಭಯವಾಗಿಯೇ ಹೇಳಿದ್ದರೆ ಮಗನು ಕೇಳುತ್ತಿದ್ದನು. ಬೈಗುಳವಾಗಿ ಬಂದುದರಿಂದ ಅವನೂ ಕತ್ತಿ ಹಿರಿಯುತ್ತಾನೆ. ಕೊನೆಯದಾಗಿ, ಮನೆಯಲ್ಲಿ ಒಬ್ಬನಾದರೂ ಕೃಷ್ಣನಾಗಬೇಕು. ಇಬ್ಬರು ಕೆರಳಿದಾಗ ಮೂರನೆಯವನು ಪಕ್ಷವಹಿಸುವುದು ಸುಲಭ. ಇಬ್ಬರ ನೋವನ್ನೂ ಒಬ್ಬರಿಗೊಬ್ಬರಿಗೆ ತಿಳಿಸಿ ಹೇಳುವುದು ಕಷ್ಟ. ಈ ಕಷ್ಟವಾದ ಕೆಲಸವನ್ನು ನಮ್ಮ ಮನೆಗಳಲ್ಲಿ ಬಹುಕಾಲದಿಂದ ತಾಯಂದಿರು ಯಾವ ಹೆಸರೂ ಇಲ್ಲದೆ ನಡೆಸಿಕೊಂಡು ಬಂದಿದ್ದಾರೆ. ಅವರಿಗೂ ಕೋಪ ಬಂದಾಗ ಈ ಕೆಲಸವನ್ನು ಮಾಡುವವರು ಯಾರು ಎಂಬುದನ್ನು ಗಂಡಸರು ಆಲೋಚಿಸಬೇಕು.

ಇಲ್ಲೊಂದು ಆಕ್ಷೇಪಣೆ ಬರಬಹುದು. ಇದೆಲ್ಲ ಹೇಳುವುದಕ್ಕೆ ಚೆನ್ನು, ಕೋಪ ಬಂದಾಗ ತಡೆಯುವುದಕ್ಕೆ ಆಗುವುದೇ ಇಲ್ಲವೆಂದು. ಹೀಗೆನ್ನುವವರನ್ನು ಒಂದು ಪ್ರಶ್ನೆಯನ್ನು ಕೇಳಬಹುದು. ಕಚೇರಿಯಲ್ಲಿ ಮೇಲಧಿಕಾರಿಯು ಸಲ್ಲದ ಮಾತನ್ನು ಆಡಿದಾಗ ಅವರ ಮೇಲೆ ದೌತಿಯನ್ನು ಎಸೆದುದುಂಟೇ? ಇಲ್ಲ. ಅಲ್ಲಿ ದನಿ ತಗ್ಗುತ್ತದೆ, ಕೈ ಕಟ್ಟಿಕೊಳ್ಳುತ್ತದೆ. ತಡೆಯಲಾಗದೆಂಬ ಅದೇ ಕೋಪ ಸಂಜೆಯವರೆಗೆ ಸಾವಧಾನವಾಗಿ ಕಾದಿದ್ದು, ಮನೆಯ ಬಾಗಿಲನ್ನು ದಾಟಿದಮೇಲೆ ಹೆಂಡತಿಯ ಮೇಲೋ, ಲೆಕ್ಕ ತಪ್ಪಿದ ಮಗುವಿನ ಮೇಲೋ, ಕೆಲಸದವರ ಮೇಲೋ ತಡೆಯಲಾರದೆ ಹರಿಯುತ್ತದೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಗಾದೆ ಹುಟ್ಟಿದ್ದು ಈ ಇಳಿಜಾರನ್ನು ನೋಡಿಯೇ. ನೀರಿನಂತೆ ಕೋಪವೂ ತಗ್ಗಿದ ಕಡೆಗೆ ಹರಿಯುತ್ತದೆ, ಮೇಲಕ್ಕೆ ಹರಿಯುವುದಿಲ್ಲ. ಮೇಲಕ್ಕೆ ಹರಿಯಹೊರಟ ಬಡವನ ಕೋಪ ಅವನ ದವಡೆಗೇ ಮೂಲವೆಂದು ಇನ್ನೊಂದು ಗಾದೆ. ಎಂದಮೇಲೆ ನಮಗೆ ಹತೋಟಿಯು ಇಲ್ಲವೆಂಬುದು ಸುಳ್ಳು. ಹತೋಟಿಯುಂಟು, ಅದನ್ನು ಯಾರ ಎದುರಿನಲ್ಲಿ ಉಪಯೋಗಿಸುವುದೆಂಬ ಲೆಕ್ಕಾಚಾರವೂ ಉಂಟು. ನಮಗೆ ಎದುರಾಡಲಾರದವರ ಮುಂದೆ ನಾವು ಹೇಗಿರುತ್ತೇವೆ ಎಂಬುದೊಂದೇ ಈ ವಿದ್ಯೆಗೆ ನಿಜವಾದ ಪರೀಕ್ಷೆ. ಶಾಲೆಯಲ್ಲಿ ಮಕ್ಕಳನ್ನು ಹೊಡೆಯಬಾರದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆ ವಿಧಿಸಿದೆ. ಅದು ಬಹಳ ಒಳ್ಳೆಯದಾಯಿತು. ಆದರೆ ಕಾಯಿದೆಯು ಕೈಯನ್ನು ಹಿಡಿಯಬಲ್ಲದು. ಕಣ್ಣಿನ ತಿರಸ್ಕಾರವನ್ನೂ ನಾಲಗೆಯ ಮೊನೆಯನ್ನೂ ಹಿಡಿಯುವ ಕೆಲಸ ನಮ್ಮದೇ.

ಹಾಗೆಂದು ಕೋಪವನ್ನು ಬೇರುಸಹಿತ ಕಿತ್ತೊಗೆಯಬೇಕೆಂದು ನಾವು ಹೇಳುತ್ತಿಲ್ಲ. ಮೇಲೆ ಹೇಳಿದ ವನಪರ್ವದ ಸಂವಾದದಲ್ಲಿ ದ್ರೌಪದಿಯ ಪಕ್ಷವು ದುರ್ಬಲವಾದುದಲ್ಲ. ಅರಮನೆಯಲ್ಲಿ ಇರಬೇಕಾದ ತಮ್ಮಂದಿರೂ ಹೆಂಡತಿಯೂ ಕಾಡಿನಲ್ಲಿ ಬಳಲುವುದನ್ನು ಕಂಡೂ ನಿನಗೇಕೆ ಸಿಟ್ಟು ಬಾರದು ಎಂದು ಅವಳು ಕೇಳುತ್ತಾಳೆ. ಪ್ರಹ್ಲಾದನು ಮೊಮ್ಮಗನಾದ ಬಲಿಗೆ ಹೇಳಿದ ನೀತಿಯನ್ನು ಉದಾಹರಿಸುತ್ತಾಳೆ: ಯಾವಾಗಲೂ ಉಗ್ರನಾಗಿರುವವನಿಗೆ ಹಗೆಗಳು ಹೆಚ್ಚುತ್ತಾರೆ, ಯಾವಾಗಲೂ ಕ್ಷಮಿಸುವವನನ್ನು ಆಳುಗಳೂ ಲಕ್ಷಿಸುವುದಿಲ್ಲ, ಹಿಂದೆ ಉಪಕಾರ ಮಾಡಿದವನನ್ನೂ ತಿಳಿಯದೆ ತಪ್ಪಿದವನನ್ನೂ ಮೊದಲ ಸಲ ತಪ್ಪಿದವನನ್ನೂ ಕ್ಷಮಿಸಬೇಕು. ಇದಕ್ಕೆ ಧರ್ಮರಾಯನು ಕೊಟ್ಟ ಉತ್ತರದಲ್ಲಿ ಒಂದು ವಿವೇಕವುಂಟು: ತೇಜಸ್ಸು ಬೇರೆ, ಕ್ರೋಧ ಬೇರೆ, ಎದ್ದ ಕೋಪವನ್ನು ಪ್ರಜ್ಞೆಯಿಂದ ಹಿಡಿದವನೇ ತೇಜಸ್ವಿ. ಇಬ್ಬರೂ ಹೇಳಿದ್ದನ್ನು ಕೂಡಿಸಿಕೊಂಡರೆ ನಮಗೆ ಬೇಕಾದದ್ದು ದೊರೆಯುತ್ತದೆ. ಅನ್ಯಾಯವನ್ನು ಕಂಡರೆ ಕೋಪ ಬರಲಿ. ಅದು ಕತ್ತಿಯಾಗದೆ ಕೆಲಸವಾಗಲಿ.

ಇದು ಪುರಾಣದ ಮಾತು ಮಾತ್ರವಲ್ಲ. 1893ರ ಜೂನ್ 7ರ ರಾತ್ರಿ ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ, ಮೊದಲನೆಯ ತರಗತಿಯ ಟಿಕೆಟ್ ಇದ್ದರೂ, ಬಣ್ಣದ ಕಾರಣದಿಂದ ಒಬ್ಬ ತರುಣ ವಕೀಲನನ್ನು ರೈಲಿನಿಂದ ಹೊರಕ್ಕೆ ತಳ್ಳಿದರು. ಗಾಂಧಿಯವರು ಆ ಚಳಿಯಲ್ಲಿ ನಿಲ್ದಾಣದ ಕೊಠಡಿಯಲ್ಲಿ ಕುಳಿತು, ಹಿಂದಿರುಗಿ ಹೋಗುವುದೋ ನಿಂತು ಹೋರಾಡುವುದೋ ಎಂದು ಆಲೋಚಿಸಿದರು. ತಳ್ಳಿದವನೊಡನೆ ಹೊಡೆದಾಡಿದ್ದರೆ ಆ ಕೋಪವು ಆ ರಾತ್ರಿಯೇ ಖರ್ಚಾಗುತ್ತಿತ್ತು. ನುಂಗಿಕೊಂಡು ಊರಿಗೆ ಮರಳಿದ್ದರೆ ಒಳಗೇ ಕೊಳೆಯುತ್ತಿತ್ತು. ಅವರು ಎರಡನ್ನೂ ಮಾಡಲಿಲ್ಲ. ನನಗಾದ ಅವಮಾನ ಎಂಬುದನ್ನು ನಮ್ಮ ಜನಕ್ಕೆ ನಿತ್ಯವೂ ಆಗುತ್ತಿರುವ ಅನ್ಯಾಯ ಎಂದು ತಿದ್ದಿ ಓದಿಕೊಂಡರು. ಮರುವರ್ಷ, 1894ರಲ್ಲಿ, ನೇಟಾಲ್ ಇಂಡಿಯನ್ ಕಾಂಗ್ರೆಸ್ ಹುಟ್ಟಿತು. ಕೋಪವು ಬಂದ ಹಾಗೆಯೇ ಬಂದಿತ್ತು. ಅದರಿಂದ ಏನನ್ನು ಮಾಡಿಕೊಳ್ಳಬೇಕೆಂಬುದನ್ನು ಮಾತ್ರ ಅವರು ತಾವೇ ನಿಶ್ಚಯಿಸಿದರು.

ನಮಗೆ ನಿಮಗೆ ಅಷ್ಟು ದೊಡ್ಡ ರಾತ್ರಿಗಳು ಬಾರದಿರಬಹುದು. ನಮ್ಮ ಪರೀಕ್ಷೆಗಳು ಊಟದ ಮಣೆಯ ಮೇಲೆ, ಪಾಠದ ಕೊಠಡಿಯಲ್ಲಿ, ಬಾಡಿಗೆಯ ಲೆಕ್ಕದಲ್ಲಿ, ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ನಡೆಯತಕ್ಕವು. ಅಲ್ಲಿಗೆ ಸಲ್ಲುವ ಅಭ್ಯಾಸಗಳೂ ಸಣ್ಣವೇ. ಹಸಿದಾಗ, ನ್ಯಾಯವನ್ನು ತೀರ್ಮಾನಿಸಲು ಕೂರಬಾರದು. ಕೋಪದಲ್ಲಿ ಬರೆದ ಕಾಗದವನ್ನು ಒಂದು ರಾತ್ರಿ ಮನೆಯಲ್ಲಿಯೇ ಇಟ್ಟುಕೊಂಡು, ಬೆಳಗ್ಗೆ ಓದಿ, ಆಮೇಲೆ ಅಂಚೆಗೆ ಹಾಕುವುದೋ ಒಲೆಗೆ ಹಾಕುವುದೋ ಎಂದು ನೋಡಬೇಕು. ಕೈಯಲ್ಲೇ ಫೋನಿದ್ದು, ಬರೆದುದು ಬರೆದ ಕ್ಷಣವೇ ಮುಟ್ಟುವ ಈ ಕಾಲದಲ್ಲಿ ಈ ನಿಯಮದ ಅಗತ್ಯ ಇನ್ನೂ ಹೆಚ್ಚು. ಹಿಂದಿನವರಿಗೆ ಅಂಚೆಯವನ ನಿಧಾನವೇ ಒಂದು ರಕ್ಷಣೆಯಾಗಿತ್ತು. ಮಕ್ಕಳ ಮುಂದೆ ಕೋಪ ಬಂದರೆ, ಬಂದಿದೆಯೆಂದು ಬಾಯಿಬಿಟ್ಟು ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಮಾತನಾಡುತ್ತೇನೆಂದು ಎದ್ದುಹೋಗುವುದು ತಂದೆಯಾದವನಿಗೆ ಅಗೌರವವಲ್ಲ. ಮಗುವಿಗೆ ಅದಕ್ಕಿಂತ ದೊಡ್ಡ ಪಾಠವಿಲ್ಲ. ತಪ್ಪಿ ಆಡಿದ ಮೇಲೆ, ಕಿರಿಯರ ಎದುರಿಗಾದರೂ, ತಪ್ಪಾಯಿತೆಂದು ಹೇಳುವುದನ್ನು ಕಲಿಯಬೇಕು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಾರದೆಂಬುದು ದಿಟ. ಆದರೆ ಮೂಗಿನಷ್ಟು ಕೆಡದ ಗಾಯಗಳು ಅನೇಕವಿರುತ್ತವೆ, ಅವು ಮಾಯಬಲ್ಲವು.

ಮುಂದಿನ ಸಲ ಮನಸ್ಸು ಕುದಿದಾಗ ‘ಕೋಪ ಬಂತು’ ಎಂದು ಹೇಳಿಕೊಳ್ಳೋಣ, ಅದು ಸುಳ್ಳಲ್ಲ. ಹೇಳಿಕೊಂಡಮೇಲೆ, ಇನ್ನು ಮುಂದಿನದು ನಾನು ಮಾಡಿಕೊಳ್ಳುವುದು ಎಂಬುದನ್ನೂ ಒಮ್ಮೆ ಹೇಳಿಕೊಳ್ಳೋಣ. ಈ ಎರಡು ಮಾತುಗಳನ್ನು ಹೇಳುವುದಕ್ಕೆ ಹಿಡಿಯುವ ಹೊತ್ತು ಬಹಳ ಸ್ವಲ್ಪ. ಅಷ್ಟು ಹೊತ್ತಿನಲ್ಲಿಯೇ ಎದುರಿಗಿರುವವರ ಮುಖವು ನಮ್ಮ ಕಣ್ಣಿಗೆ ಸ್ಪಷ್ಟವಾಗಿ ಕಾಣಲು ತೊಡಗಬಹುದು.